ಹನ್ನೊಂದು ಸಾವಿರ ಲೈಕು, ಗೋಡೆಯ ಮೇಲೊಂದು ಜೀಪಿನ ನಂಬರು

ಹಾವು ಕಚ್ಚಿದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ನಾನು ತಯಾರಿಸಿದ ಪೋಸ್ಟರ್‌ಗೆ 2021ರ ಆಗಸ್ಟ್‌ನಲ್ಲಿ ಫೇಸ್‌ಬುಕ್‌ನಲ್ಲಿ ಹನ್ನೊಂದು ಸಾವಿರ ಲೈಕು ಬಂತು. ಕೊಡಗಿನ ಸಿದ್ದಾಪುರದ ಹತ್ತಿರ ಏಳು ಎಕರೆ ರೋಬಸ್ಟಾ ಕಾಫಿ, ನಡುವೆ ಒಂದಿಷ್ಟು ಕರಿಮೆಣಸು, ಬಿಡುವಾದಾಗ ಹಾವು ಹಿಡಿದು ಕಾಡಿಗೆ ಬಿಡುವ ಹವ್ಯಾಸ. ಇಷ್ಟೇ ನನ್ನ ಬಂಡವಾಳ. ಅಷ್ಟು ಮೆಚ್ಚುಗೆ ಜೀವಮಾನದಲ್ಲಿ ಕಂಡಿರಲಿಲ್ಲ, ಸ್ವಲ್ಪ ಬೀಗಿಯೂ ಬಿಟ್ಟೆ.

ಅದೇ ವಾರ ಬೇಲಿಯಾಚೆಯ ತೋಟದಲ್ಲಿ ಕಳೆ ಕೊಚ್ಚುತ್ತಿದ್ದ ಹೆಂಗಸೊಬ್ಬರ ಪಾದಕ್ಕೆ ಕೊಳಕುಮಂಡಲ ಕಚ್ಚಿತು. ತೋಟದ ಕೆಲಸಗಾರರ ಸಾಲುಮನೆಯವರು, ಅಂದರೆ ಲೈನ್ ಮನೆಯವರು, ಸೀರೆಯ ಅಂಚು ಹರಿದು ಮಂಡಿಯ ಕೆಳಗೆ ಬಿಗಿದರು. ಬ್ಲೇಡಿನಿಂದ ಗಾಯ ಕೊಯ್ದರು. ವಿಷ ಇಳಿಸುವ ಅಜ್ಜನ ಮನೆಗೆ ಹೊತ್ತೊಯ್ದರು. ಆಸ್ಪತ್ರೆ ಸೇರುವಾಗ ಐದು ಗಂಟೆ ಕಳೆದಿತ್ತು. ಜೀವ ಉಳಿಯಿತು, ಕಾಲಿನ ಎರಡು ಬೆರಳು ಉಳಿಯಲಿಲ್ಲ. ಪೋಸ್ಟರ್‌ನಲ್ಲಿ ಕೆಂಪಕ್ಷರದಲ್ಲಿ ‘ಮಾಡಬೇಡಿ’ ಎಂದು ಬರೆದಿದ್ದ ಮೂರನ್ನೂ ನಾನು ಬರೆದ ಅದೇ ಕ್ರಮದಲ್ಲಿ ಮಾಡಿದ್ದರು.

ನನಗೆ ಮೊದಲು ಬಂದದ್ದು ಸಿಟ್ಟು. ನೋಡಿಕೊಂಡು ಬರಲು ಹೋದಾಗ ಆಕೆಯ ಗಂಡನ ಕೈಯಲ್ಲಿದ್ದ ಮೊಬೈಲ್ ಕಂಡು ಸಿಟ್ಟು ಇಳಿಯಿತು. ಬಟನ್ ಫೋನು, ಬ್ಯಾಟರಿ ಬೀಳದಂತೆ ಸುತ್ತ ರಬ್ಬರ್ ಬ್ಯಾಂಡ್. ಅವರು ಎರವರೆಂಬ ಆದಿವಾಸಿಗಳು, ಮನೆಯಲ್ಲಿ ಆಡುವುದು ಎರವ ಮಾತು. ಅವರಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಆ ರಾತ್ರಿ ಕುಳಿತು ಲೈಕು ಒತ್ತಿದವರ ಊರುಗಳನ್ನು ಒಂದೊಂದಾಗಿ ನೋಡಿದೆ. ಮುನ್ನೂರು ಹೆಸರು ದಾಟುವಷ್ಟರಲ್ಲಿ ಕಣ್ಣು ಉರಿಯಿತು. ಬೆಂಗಳೂರು, ಮೈಸೂರು, ದುಬೈ, ಹೋಂಸ್ಟೇಗೆ ಬಂದು ಹೋದವರು. ನಮ್ಮ ಹೋಬಳಿಯವರು ಒಂಬತ್ತು ಮಂದಿ. ಅವರಲ್ಲಿ ಏಳು ಮಂದಿ ಬೂಟು ಹಾಕಿಕೊಂಡೇ ತೋಟ ಸುತ್ತುವ ನನ್ನಂಥ ಬೆಳೆಗಾರರು.

ಪೋಸ್ಟರ್‌ನ ತಲೆಯಲ್ಲಿ ನಾನು ದೊಡ್ಡದಾಗಿ ಹಾಕಿದ್ದುದು ಅಂಕಿಯನ್ನು: 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ. ಅಂಕಿಯೇನೋ ಸರಿ, ಅಧ್ಯಯನವೊಂದರ ಅಂದಾಜು. ಅದನ್ನು ಓದಿ ಅಯ್ಯೋ ಎಂದವರು ಹಾವಿನ ದಾರಿಗೆ ಬರುವವರೇ ಅಲ್ಲ. ಬರುವವರು ಜನವರಿ, ಫೆಬ್ರವರಿಯಲ್ಲಿ ಗಿಡದ ಬುಡದ ದರಗಿನಲ್ಲಿ ಬರಿಗೈ ಆಡಿಸಿ ಉದುರು ಕಾಫಿ ಹೆಕ್ಕುವವರು, ಕತ್ತಲಾದ ಮೇಲೆ ಟಾರ್ಚಿಲ್ಲದೆ ಸೌದೆ ರಾಶಿಗೆ ಕೈ ಹಾಕುವವರು, ನೆಲದ ಮೇಲೆ ಚಾಪೆ ಹಾಸಿ ಮಲಗುವವರು. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ಹೀಗೆ ಮಲಗಿದವರನ್ನೇ. ನೋವೂ ಗೊತ್ತಾಗುವುದಿಲ್ಲ, ಬೆಳಗಿನ ಜಾವ ಹೊಟ್ಟೆನೋವು ಎಂದು ಏಳುತ್ತಾರೆ, ರೆಪ್ಪೆ ಜೋಲುತ್ತದೆ, ಆಮೇಲೆ ಉಸಿರು ಕಟ್ಟುತ್ತದೆ.

ಲೈಕು ಎಣಿಸುವುದನ್ನು ಬಿಟ್ಟು ಒಂದು ನೋಟ್‌ಬುಕ್ ತೆಗೆದೆ. ಸುತ್ತಿನ ತೋಟಗಳಲ್ಲಿ ಕಡಿತದ ಸುದ್ದಿ ಕಿವಿಗೆ ಬಿದ್ದಾಗಲೆಲ್ಲ ಎರಡೇ ಸಂಗತಿ ಬರೆದುಕೊಳ್ಳುತ್ತಿದ್ದೆ: ಮೊದಲು ಯಾರ ಹತ್ತಿರ ಹೋದರು, ಆಸ್ಪತ್ರೆ ಸೇರಲು ಎಷ್ಟು ಹೊತ್ತು ಹಿಡಿಯಿತು. ಮೊದಲ ವರ್ಷ ಹದಿನಾಲ್ಕು ಕಡಿತ. ಒಂಬತ್ತು ಮಂದಿ ಮೊದಲು ಹೋದದ್ದು ಅಜ್ಜನ ಹತ್ತಿರ.

ಈ ಅಜ್ಜನನ್ನು ಪೋಸ್ಟರ್‌ನಲ್ಲಿ ನಾನು ‘ಮೂಢನಂಬಿಕೆ’ ಎಂಬ ಒಂದೇ ಪದದಲ್ಲಿ ಮುಗಿಸಿದ್ದೆ. ಲೆಕ್ಕ ಹಾಕಿದರೆ ಅವರ ಕೈಗುಣ ಬಲು ದೊಡ್ಡದು. ಕಚ್ಚುವ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದವು. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಹೀಗೆ ಕಚ್ಚಿಸಿಕೊಂಡವರೆಲ್ಲ ಅಜ್ಜನ ಅಂಗಳದಲ್ಲಿ ಎರಡು ಗಂಟೆ ಕುಳಿತು ಬೇರು ಅಗಿದು ಎದ್ದು ನಡೆದು ಹೋಗುತ್ತಾರೆ. ಸತ್ತವನೊಬ್ಬನಿಗೆ ಬದುಕಿದ ಹತ್ತು ಮಂದಿ ಸಾಕ್ಷಿ. ಇದರೆದುರು ನನ್ನ ಕೆಂಪಕ್ಷರ ಯಾವ ಲೆಕ್ಕ?

ಮೂರು ಸಲ ಅವರ ಮನೆಗೆ ಹೋದೆ. ಮೊದಲ ಸಲ ಎಲೆಯಡಿಕೆ ಕೊಟ್ಟು ಕಳಿಸಿದರು. ಎರಡನೆಯ ಸಲ ನಾನೇ ಹಿಡಿದ ಮಂಡಲದ ಹಾವಿನ ಕಥೆ ಹೇಳಿದೆ, ಅವರು ನನಗೆ ಗೊತ್ತಿಲ್ಲದ ನಾಲ್ಕು ಸಂಗತಿ ಹೇಳಿದರು. ಮೂರನೆಯ ಸಲ ತೋಟದಲ್ಲಿ ಆಳುಗಳ ಮೇಲುಸ್ತುವಾರಿ ನೋಡುವ ನಮ್ಮ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಅದಕ್ಕೆ ವಾರದ ಹಿಂದಷ್ಟೇ ಮೇಸ್ತ್ರಿಯ ಭಾವಮೈದುನನಿಗೆ ಕೊಳಕುಮಂಡಲ ಕಚ್ಚಿತ್ತು. ಅಜ್ಜ ಔಷಧಿ ಕೊಟ್ಟು ‘ವಿಷ ಇಳಿಯಿತು’ ಎಂದಿದ್ದರು. ನನ್ನ ಒತ್ತಾಯಕ್ಕೆ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ರಕ್ತ ತೆಗೆದು ಒಣಗಿದ ಗಾಜಿನ ನಳಿಕೆಗೆ ಹಾಕಿ, ಗೋಡೆ ಗಡಿಯಾರ ತೋರಿಸಿ ಇಪ್ಪತ್ತು ನಿಮಿಷ ಅಲುಗಿಸಬೇಡಿ ಎಂದರು. ಇಪ್ಪತ್ತು ನಿಮಿಷವಾದ ಮೇಲೆ ನಳಿಕೆಯನ್ನು ಮೆಲ್ಲಗೆ ವಾಲಿಸಿದರು. ಹೆಪ್ಪುಗಟ್ಟಬೇಕಿದ್ದ ರಕ್ತ ಕಾಫಿ ಕಷಾಯದ ಹಾಗೆ ಹರಿಯಿತು. ವಿಷ ಇನ್ನೂ ಮೈಯಲ್ಲೇ ಇತ್ತು. ಹತ್ತು ವಯಲ್ ಪ್ರತಿವಿಷ ಹೋಯಿತು. ಮೇಸ್ತ್ರಿ ಅಜ್ಜನೆದುರು ಕುಳಿತು ಇದನ್ನೆಲ್ಲ ಎರವ ಮಾತಿನಲ್ಲೇ ಹೇಳಿದ, ಕೈಯಲ್ಲಿ ನಳಿಕೆ ಹಿಡಿದಂತೆ ವಾಲಿಸಿಯೂ ತೋರಿಸಿದ.

ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಸಾಹುಕಾರರೇ, ಮಂತ್ರಕ್ಕೆ ದೂರವೇನು? ಕಚ್ಚಿದ ಸುದ್ದಿ ಮುಟ್ಟಿಸಿದರೆ ನಾನು ಇಲ್ಲಿಂದಲೇ ಹೇಳುತ್ತೇನೆ, ನೀವು ಗಾಡಿ ಹತ್ತಿಸಿ” ಎಂದರು. ನಾನು ಒಪ್ಪಿದೆ. ನನ್ನ ವಿಚಾರವಾದಿ ಗೆಳೆಯರೊಬ್ಬರು ಇದು ರಾಜಿ ಎಂದು ಬೈದರು. ಹೌದು, ರಾಜಿಯೇ.

ಇನ್ನು ಗಾಡಿಯ ಮಾತು. ಒಳತೋಟದಲ್ಲಿ ಸಿಗ್ನಲ್ ಸಿಗುವ ಜಾಗ ಬೆರಳೆಣಿಕೆಯಷ್ಟು. ಆಂಬುಲೆನ್ಸ್ ಬಂದರೂ ಗೇಟಿನಿಂದಾಚೆ ದಾರಿ ತಿಳಿಯುವುದಿಲ್ಲ, ರಾತ್ರಿಯಾದರೆ ಆನೆಯ ಭಯ. ಹಾಗಾಗಿ ದಾರಿ ಬಲ್ಲ ಮೂವರು ಜೀಪಿನವರನ್ನು ಹಿಡಿದೆ. ಬಾಡಿಗೆ ತೋಟದವರದ್ದು, ಗಾಯಾಳುವಿನ ಮನೆಯವರನ್ನು ಕೇಳುವಂತಿಲ್ಲ ಎಂಬ ಒಪ್ಪಂದ. ಅವರ ನಂಬರುಗಳನ್ನು ಲೈನ್ ಮನೆಗಳ ಗೋಡೆಯ ಮೇಲೆ ಕೆಂಪು ಪೇಂಟಿನಲ್ಲಿ ಅಂಗೈಯಗಲದ ಅಂಕಿಗಳಲ್ಲಿ ಬರೆಸಿದೆ. ಪಕ್ಕದಲ್ಲೊಂದು ಹಾವಿನ ಚಿತ್ರ. ಪೇಂಟರನ ಕೈಯಲ್ಲಿ ಅದು ಹಲ್ಲಿಯ ಹಾಗೆ ಬಂತು, ಮಕ್ಕಳು ಈಗಲೂ ‘ಹಲ್ಲಿ ನಂಬರ್’ ಎನ್ನುತ್ತಾರೆ.

ಹಾಗಾದರೆ ಫೇಸ್‌ಬುಕ್ ಬರೀ ಗೋರ್ಕಲ್ಲ ಮೇಲೆ ಸುರಿದ ಮಳೆಯೇ? ಹಾಗೆಂದರೆ ಸುಳ್ಳಾಗುತ್ತದೆ. ಗೋಡೆಯ ಫೋಟೊವನ್ನು ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ‘ನಿಮ್ಮ ಲೈನ್‌ನಲ್ಲಿ ಇದೆಯೇ?’ ಎಂದಷ್ಟೇ ಕೇಳಿದೆ. ತಿಂಗಳೊಳಗೆ ಹದಿನೇಳು ತೋಟದವರು ಬರೆಸಿದರು. ಒಬ್ಬರು ಬರೆಸಿ ಫೋಟೊ ಹಾಕಿದರೆ ಪಕ್ಕದವರಿಗೆ ಸುಮ್ಮನಿರಲಾಗದು, ನಾವು ಕೊಡಗಿನವರು ಮಾನಕ್ಕೆ ಅಂಜುವ ಜನ. ಆ ಹನ್ನೊಂದು ಸಾವಿರದವರನ್ನೂ ‘ಶೇರ್ ಮಾಡಿ’ ಎನ್ನದೆ ‘ಟಾರ್ಚ್ ಕೊಡಿ’ ಎಂದು ಕೇಳಿದೆ. ನಲವತ್ತಾರು ಟಾರ್ಚು ಬಂದವು. ಗಮ್‌ಬೂಟುಗಳೂ ಬಂದವು, ಅದು ನನ್ನ ದಡ್ಡತನ. ಅಳತೆ ಹೇಳುವುದನ್ನು ಮರೆತಿದ್ದೆ. ಎಲ್ಲವೂ ಒಂಬತ್ತು, ಹತ್ತರವು, ನಮ್ಮ ಹೆಂಗಸರದ್ದು ಐದರ ಪಾದ. ಒಂದು ಲೈನ್ ಮನೆಯಲ್ಲಿ ಅದರಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು.

2014ರಲ್ಲಿ ಜನ ತಲೆಯ ಮೇಲೆ ಐಸ್ ನೀರು ಸುರಿದುಕೊಂಡು ಫೇಸ್‌ಬುಕ್‌ಗೆ ವಿಡಿಯೊ ಹಾಕಿದ ಆಟವನ್ನು ನಾನೂ ಗೇಲಿ ಮಾಡಿದ್ದೆ. ಅಮೆರಿಕದಲ್ಲಿ ಎಎಲ್‌ಎಸ್ ಎಂಬ ನರರೋಗದ ಸಂಘಕ್ಕೆ ಅದರಿಂದ 11.5 ಕೋಟಿ ಡಾಲರ್ ಬಂತು, ಸಂಶೋಧನೆಗೂ ಹೋಯಿತು. ಅಲ್ಲಿ ಕೇಳಿದ್ದು ಅಯ್ಯೋ ಎನ್ನುವುದನ್ನಲ್ಲ, ದುಡ್ಡನ್ನು. ನಮ್ಮಲ್ಲೂ 2019ರ ಜೂನ್‌ನಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಎಂಬ ಹ್ಯಾಶ್‌ಟ್ಯಾಗ್ ಟ್ವಿಟರ್‌ನಲ್ಲಿ ಭರ್ಜರಿಯಾಗಿ ಓಡಿತು, ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಉತ್ತರವನ್ನೂ ಕೊಟ್ಟರು. ನಾನೂ ಹತ್ತು ಸಲ ಒತ್ತಿದವನೇ. ಆದರೂ ಕೈ ಮೀರಿದ ಕೇಸುಗಳನ್ನು ಹೇರಿಕೊಂಡು ನಮ್ಮ ಜೀಪುಗಳು ಮೈಸೂರಿನ ದಾರಿಯನ್ನೇ ಹಿಡಿಯುತ್ತವೆ. ನಮ್ಮ ಕಾಫಿ ಗಿಡಗಳಲ್ಲಿರುವ ಗುಳಿಮಂಡಲ ಎಂಬ ವಿಷದ ಹಾವುಗಳ ಮಟ್ಟಿಗಂತೂ ಹ್ಯಾಶ್‌ಟ್ಯಾಗ್ ಯಾಕೆ, ಆಸ್ಪತ್ರೆಯ ಪ್ರತಿವಿಷವೂ ಸಾಲದು. ಅದನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕಕ್ಕಷ್ಟೇ ಮಾಡುತ್ತಾರೆ.

2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಸಾರಿತು. ಇನ್ನು ಮೇಲೆ ಖಾಸಗಿ ಆಸ್ಪತ್ರೆಯೂ ಕಡಿತ, ಸಾವು ಎರಡನ್ನೂ ವರದಿ ಮಾಡಬೇಕು. ನನ್ನ ನೋಟ್‌ಬುಕ್ಕಿನ ಕೆಲಸವನ್ನು ಸರ್ಕಾರವೇ ಮಾಡುವುದಾದರೆ ನನಗೆ ಸಂತೋಷವೇ. ಸದ್ಯಕ್ಕೆ ನನ್ನದನ್ನು ನಿಲ್ಲಿಸಿಲ್ಲ. ಆ ವರ್ಷ ಅದರಲ್ಲಿ ಹನ್ನೊಂದು ಕಡಿತ, ಅಜ್ಜನ ಅಂಗಳಕ್ಕೆ ಹೋದವರು ಇಬ್ಬರು, ಅವರನ್ನೂ ಅಜ್ಜನೇ ಜೀಪು ಹತ್ತಿಸಿದರು. ಹನ್ನೊಂದು ಕಡಿತದಿಂದ ಏನೂ ಸಾಬೀತಾಗುವುದಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಅವರು ಹೇಳುವುದು ಸರಿ.

ಕಳೆದ ಹುತ್ತರಿ ಹಬ್ಬಕ್ಕೆ ಒಂದು ತೋಟದ ರೈಟರ್, ಅಂದರೆ ಗುಮಾಸ್ತ, ಲೈನ್ ಮನೆಗಳಿಗೆಲ್ಲ ಸುಣ್ಣ ಬಳಿಸಿದಾಗ ನಂಬರೂ ಅಳಿಸಿ ಹೋಯಿತು. ಈಗ ಅಲ್ಲಿಗೆ ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಹೊಸ ತಂಡ ಬಂದಿದೆ. ಅವರಲ್ಲಿ ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇದೆ, ರಾತ್ರಿಯಿಡೀ ವಿಡಿಯೊ ನೋಡುತ್ತಾರೆ, ಎರವ ಮಾತು ಬಾರದು, ಕನ್ನಡವೂ ಬಾರದು, ಅಜ್ಜ ಯಾರೆಂದು ಗೊತ್ತಿಲ್ಲ. ಅವರ ಮಟ್ಟಿಗೆ ಗೋಡೆಗಿಂತ ಮೊಬೈಲೇ ಮೇಲು. ಆ ತಂಡದ ಹುಡುಗನೊಬ್ಬ ಅವರ ಮಾತಿನಲ್ಲೇ ಒಂದು ನಿಮಿಷದ ವಿಡಿಯೊ ಮಾಡಿಕೊಡುತ್ತೇನೆ ಎಂದಿದ್ದಾನೆ. ಭಾನುವಾರ ಸಂಜೆ ಬರುತ್ತಾನಂತೆ. ಪೇಂಟಿನ ಡಬ್ಬಿಯನ್ನೂ ತಂದಿಟ್ಟಿದ್ದೇನೆ.