ಸ್ಲೈಡ್ ಫಿಲ್ಮ್ ಮನೆಯಲ್ಲೇ ತೊಳೆದು ಸ್ಕ್ಯಾನ್ ಮಾಡುವುದು: ಕಾಸರಗೋಡಿನ ಸೆಕೆ, ಮಳೆ, ಬಾವಿ ನೀರಿನ ನಡುವೆ

ಸ್ಲೈಡ್ ಫಿಲ್ಮ್ (ನೆಗೆಟಿವ್ ಅಲ್ಲದೆ ನೇರ ಬಣ್ಣದ ಚಿತ್ರವೇ ಮೂಡುವ ಫಿಲ್ಮ್) ತೊಳೆಯುವಾಗ ನಿಮ್ಮ ಜಾಗ್ರತೆಯ ಮುಕ್ಕಾಲು ಪಾಲನ್ನು ಫಸ್ಟ್ ಡೆವಲಪರ್‌ಗೆ, ಅಂದರೆ ಮೊದಲು ಹಾಕುವ ಮದ್ದಿಗೆ ಮೀಸಲಿಡಿ. ಉಳಿದ ಹಂತಗಳಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ, ಕೆಲವನ್ನು ಮತ್ತೆ ಮಾಡಿ ಸರಿಪಡಿಸಲೂಬಹುದು. ಇಲ್ಲಿ ಮಾತ್ರ ಆಗುವುದಿಲ್ಲ.

ಯಾಕೆ ಅಂದರೆ, ಸ್ಲೈಡ್ ತೊಳೆಯುವ ಇ-6 ಎಂಬ ಪ್ರಕ್ರಿಯೆಯ ಫಸ್ಟ್ ಡೆವಲಪರ್ ಕಪ್ಪು-ಬಿಳುಪು ಡೆವಲಪರ್‌ನ ಜಾತಿಯದ್ದೇ. ಬೆಳಕು ಬಿದ್ದ ಜಾಗವನ್ನು ಅದು ಬೆಳ್ಳಿಯಾಗಿಸುತ್ತದೆ. ಬೆಳಕು ಬೀಳದೆ ಉಳಿದದ್ದನ್ನು ಆಮೇಲೆ ಕಲರ್ ಡೆವಲಪರ್ ಹಿಡಿದು ಬಣ್ಣ ಕಟ್ಟುತ್ತದೆ. ಕೊನೆಗೆ ಬ್ಲೀಚ್ ಮತ್ತು ಫಿಕ್ಸರ್ ಸೇರಿ ಬೆಳ್ಳಿಯನ್ನೆಲ್ಲ ತೆಗೆದು ಬಣ್ಣ ಮಾತ್ರ ಉಳಿಸುತ್ತವೆ. ಹಾಗಾಗಿ ಫಸ್ಟ್ ಡೆವಲಪರ್ ಜಾಸ್ತಿಯಾದರೆ ಸ್ಲೈಡ್ ತೆಳ್ಳಗೆ ಬೆಳ್ಳಗೆ ಬರುತ್ತದೆ, ಕಡಿಮೆಯಾದರೆ ಕಪ್ಪಾಗಿ ಕೂರುತ್ತದೆ. ನೆಗೆಟಿವ್ ತೊಳೆದು ಅಭ್ಯಾಸವಿರುವವರಿಗೆ ಇದು ತಲೆಕೆಳಗು ಅನಿಸಬಹುದು.

ಇನ್ನೊಂದು ಮಾತು, ಕ್ಯಾಮೆರಾದಲ್ಲೇ ಅಳತೆ ತೀರಾ ತಪ್ಪಿದ ರೋಲನ್ನು ಯಾವ ಡೆವಲಪರ್ರೂ ಉಳಿಸುವುದಿಲ್ಲ. ಸ್ಲೈಡ್ ಹಿಡಿದುಕೊಳ್ಳುವುದು ಸುಮಾರು ಐದು ಸ್ಟಾಪ್ ಬೆಳಕನ್ನು ಅಷ್ಟೆ (ಒಂದು ಸ್ಟಾಪ್ ಹೆಚ್ಚು ಅಂದರೆ ಬೆಳಕು ಇಮ್ಮಡಿ). ಬೇಕಲ ಕೋಟೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ತೆಗೆದರೆ ಒಂದೋ ಆಕಾಶ ಸಿಗುತ್ತದೆ, ಒಂದೋ ಗೋಡೆಯ ನೆರಳು. ಬೆಳಕು ಜಾಸ್ತಿ ಇರುವ ಭಾಗಕ್ಕೆ ಅಳೆದು ಎಕ್ಸ್‌ಪೋಸ್ ಮಾಡಿ, ಬಿಳಿ ಹಾರಿಹೋದರೆ ಅಲ್ಲಿ ಖಾಲಿ ಫಿಲ್ಮೇ ಇರುತ್ತದೆ. ಮಳೆಗಾಲದ ಹಸಿರಿಗೆ, ಯಕ್ಷಗಾನದ ವೇಷದ ಕೆಂಪಿಗೆ ವೆಲ್ವಿಯಾ ಎಂಬ ಫಿಲ್ಮ್ ಚೆನ್ನ, ಆದರೆ ಮನುಷ್ಯರ ಮುಖ ಕೆಂಪಾಗಿಬಿಡುತ್ತದೆ. ಮುಖಗಳಿಗೆ ಪ್ರೋವಿಯಾ 100ಎಫ್ ಅಥವಾ ಕೊಡಾಕ್ 2018ರಲ್ಲಿ ಮತ್ತೆ ತಂದ ಎಕ್ಟಾಕ್ರೋಮ್ ಇ100 ಒಳ್ಳೆಯದು. ಗಲ್ಫ್‌ನಿಂದ ಅಣ್ಣನೋ ಭಾವನೋ ರೋಲ್ ತರುವುದಾದರೆ ಕೈಚೀಲದಲ್ಲಿಟ್ಟು, ಮಿಷನ್ನಿಗೆ ಹಾಕದೆ ಕೈಯಲ್ಲೇ ತಪಾಸಣೆ ಮಾಡಿ ಅಂತ ಕೇಳಲು ಹೇಳಿ. ಚೆಕ್-ಇನ್ ಸಾಮಾನಿಗೆ ಬೀಳುವ ಎಕ್ಸ್-ರೇ ತುಂಬಾ ಜೋರು. ಫ್ರಿಜ್ಜಿನಿಂದ ತೆಗೆದ ರೋಲಿನ ಡಬ್ಬಿಯನ್ನು ಕೂಡಲೇ ಬಿಚ್ಚಬೇಡಿ. ನಮ್ಮ ಕರಾವಳಿಯ ಗಾಳಿಗೆ ಒಂದೇ ಕ್ಷಣದಲ್ಲಿ ಬೆವರುತ್ತದೆ, ಎರಡು ಗಂಟೆಯಾದರೂ ಹೊರಗಿರಲಿ.

ಫಿಲ್ಮನ್ನು ತೊಳೆಯುವ ಟ್ಯಾಂಕಿನ ಸ್ಪೂಲಿಗೆ ಸುತ್ತುವುದಕ್ಕೆ ಮಾತ್ರ ಪೂರ್ತಿ ಕತ್ತಲು ಬೇಕು, ಆಮೇಲೆ ಬೆಳಕು ತೂರದ ಟ್ಯಾಂಕಿನೊಳಗೆ ಮುಚ್ಚಿಟ್ಟರಾಯಿತು. ಚೇಂಜಿಂಗ್ ಬ್ಯಾಗ್ (ಕೈ ತೂರಿಸಿ ಕೆಲಸ ಮಾಡುವ ಕತ್ತಲ ಚೀಲ) ನಮ್ಮ ಸೆಕೆಗೆ ಆಗಿಬರುವುದಿಲ್ಲ, ಒಳಗೆ ಕೈ ಬೆವರಿ ಫಿಲ್ಮ್ ಪ್ಲಾಸ್ಟಿಕ್ ಸ್ಪೂಲಿಗೆ ಅಂಟಿ ಅರ್ಧದಲ್ಲೇ ನಿಲ್ಲುತ್ತದೆ. ರಾತ್ರಿ ಹೊತ್ತು ಕಿಟಕಿ ಮುಚ್ಚಿದ ಕೋಣೆ ಇದಕ್ಕಿಂತ ಎಷ್ಟೋ ವಾಸಿ. ಸ್ಪೂಲ್ ಪೂರ್ತಿ ಒಣಗಿರಬೇಕು.

ಈಗ ಬಿಸಿಯ ವಿಷಯ. ಮದ್ದು 38 ಡಿಗ್ರಿ ಸೆಲ್ಸಿಯಸ್ ಇರಬೇಕು, ಫಸ್ಟ್ ಡೆವಲಪರ್‌ಗೆ ಆಚೀಚೆ 0.3 ಡಿಗ್ರಿಗಿಂತ ಹೆಚ್ಚು ಸರಿಯಬಾರದು. ಚಳಿ ಊರಿನವರಿಗೆ ಇದು ದೊಡ್ಡ ತಲೆನೋವು, ನಮಗೆ ಅಷ್ಟಿಲ್ಲ. ಕೋಣೆಯೇ 30ರ ಹತ್ತಿರ ಇರುತ್ತದಲ್ವಾ. ದೊಡ್ಡ ಬಕೆಟ್ಟಿನಲ್ಲಿ 39 ಡಿಗ್ರಿಯ ನೀರು ಹಾಕಿ ಬಾಟಲಿಗಳನ್ನೂ ಟ್ಯಾಂಕನ್ನೂ ಅದರಲ್ಲಿ ಮುಳುಗಿಸಿಟ್ಟರೆ ಬಿಸಿ ನಿಧಾನವಾಗಿ ಇಳಿಯುತ್ತದೆ, ಬಚ್ಚಲಿನ ಹಂಡೆಯ ಬಿಸಿನೀರು ಒಂದೊಂದು ತಂಬಿಗೆ ಸೇರಿಸುತ್ತಾ ಹೋದರೆ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ನಿಮ್ಮ ಥರ್ಮಾಮೀಟರನ್ನು ಸುಮ್ನೆ ನಂಬಬೇಡಿ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ 38ರ ಆಸುಪಾಸಿನಲ್ಲೇ ಅತಿ ನಿಖರ, ಎರಡನ್ನೂ ಒಂದೇ ನೀರಿಗೆ ಅದ್ದಿ ಹೋಲಿಸಿ ನೋಡಿ, ವ್ಯತ್ಯಾಸ ಎಷ್ಟೆಂದು ಬಾಟಲಿ ಮೇಲೆ ಬರೆದಿಡಿ.

ಮದ್ದು ಕಲಸಲು ಬಾವಿ ನೀರು ಬೇಡ, ಸುರಂಗದ ನೀರೂ ಬೇಡ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಂಗಡಿಯಲ್ಲಿ ಸಿಗುತ್ತದೆ, ಆಸಿಡ್ ಬೆರೆಸಿದ್ದಲ್ಲ ಅಂತ ಖಾತ್ರಿ ಮಾಡಿಕೊಂಡು ತನ್ನಿ. ನಡುವಿನ ತೊಳೆತಕ್ಕೆ ಸೋಸಿದ ಬಾವಿ ನೀರು ಸಾಕು. ಬೇಸಿಗೆಯಲ್ಲಿ ಟೆರೇಸಿನ ಟ್ಯಾಂಕಿಯ ನೀರು ತುಂಬಾ ಬಿಸಿಯಾಗಿರುತ್ತದೆ, ಅಳೆಯದೆ ಹಾಕಬೇಡಿ.

ಕೊಡಾಕ್‌ನ ಪೂರ್ಣ ಪ್ರಕ್ರಿಯೆಯಲ್ಲಿ ಫಸ್ಟ್ ಡೆವಲಪರ್ ಆರು ನಿಮಿಷ. ಮೂರು ಬಾಟಲಿಯ ಕಿಟ್‌ಗಳಲ್ಲಿ ಸ್ವಲ್ಪ ಬೇರೆ ಇರುತ್ತದೆ, ಒಳಗಿನ ಕಾಗದ ಏನು ಹೇಳುತ್ತದೋ ಅದೇ ಸರಿ. ಮೊದಲು ಖಾಲಿ ಬಿಸಿನೀರು ಹಾಕಿ ಟ್ಯಾಂಕ್ ಬೆಚ್ಚಗೆ ಮಾಡಿ. ಮದ್ದು ಹೊಯ್ದ ಕೂಡಲೇ ಗಡಿಯಾರ ಶುರು, ಮೊದಲ ಅರ್ಧ ನಿಮಿಷ ಬಿಡದೆ ತಿರುಗಿಸಿ, ಆಮೇಲೆ ಪ್ರತಿ ಅರ್ಧ ನಿಮಿಷಕ್ಕೊಮ್ಮೆ, ನಡುವೆ ಟ್ಯಾಂಕ್ ಬಕೆಟ್ಟಿನ ನೀರಿನಲ್ಲೇ ಕೂತಿರಲಿ. ಚೆಲ್ಲುವುದಕ್ಕೆ ಹಿಡಿಯುವ ಹತ್ತು ಸೆಕೆಂಡೂ ಆ ಸಮಯದೊಳಗೇ ಬರಬೇಕು. ಒಂದು ಸ್ಟಾಪ್ ಪುಶ್ ಮಾಡಬೇಕಿದ್ದರೆ (ಕಡಿಮೆ ಬೆಳಕಿಗೆ ತೆಗೆದ ರೋಲನ್ನು ಹೆಚ್ಚು ಹೊತ್ತು ತೊಳೆದು ಎತ್ತಬೇಕಿದ್ದರೆ) ಸುಮಾರು ಎರಡು ನಿಮಿಷ ಸೇರಿಸಿ, ಅದನ್ನೂ ಈ ಹಂತದಲ್ಲೇ.

ನಂತರ ಚೆನ್ನಾಗಿ ತೊಳೆದು ಕಲರ್ ಡೆವಲಪರ್, ಮತ್ತೆ ತೊಳೆದು ಬ್ಲಿಕ್ಸ್, ಅಂದರೆ ಬ್ಲೀಚ್ ಮತ್ತು ಫಿಕ್ಸರ್ ಎರಡೂ ಸೇರಿದ ಒಂದೇ ಮದ್ದು. ಬ್ಲಿಕ್ಸ್ ಹಾಕಿದಾಗ ಟ್ಯಾಂಕಿನಲ್ಲಿ ಗಾಳಿ ಒತ್ತುತ್ತದೆ, ಮುಚ್ಚಳ ಆಗಾಗ ಸಡಿಲಿಸಿ. ಸ್ಲೈಡ್ ಮಂಕಾಗಿ ಕಂಡರೆ ಬೆಳ್ಳಿ ಉಳಿದಿರಬಹುದು, ಮತ್ತೆ ಬ್ಲಿಕ್ಸ್ ಮಾಡಿದರಾಯಿತು. ಒದ್ದೆ ಫಿಲ್ಮ್ ಹಾಲು ಕಲಸಿದಂತೆ ಕಾಣುತ್ತದೆ, ಗಾಬರಿ ಬೇಡ, ಒಣಗಿದ ಮೇಲೆ ತಿಳಿಯಾಗುತ್ತದೆ. ಅಂಗಳದಲ್ಲಿ ಅಡಿಕೆ ಒಣಗುವ ದಿನಗಳಲ್ಲಿ ಧೂಳು ಜಾಸ್ತಿ, ಬಾಗಿಲು ಹಾಕಿದ ಬಚ್ಚಲು ಕೋಣೆಯಲ್ಲೇ ನೇತುಹಾಕಿ.

ಕೈಗವಸು ಹಾಕಿಯೇ ಕೆಲಸ ಮಾಡಿ, ಕಲರ್ ಡೆವಲಪರ್ ಚರ್ಮಕ್ಕೆ ಅಲರ್ಜಿ ತರುತ್ತದೆ. ಬಳಸಿದ ಮದ್ದನ್ನು ಅಡಿಕೆ ಬುಡಕ್ಕೋ ತೋಡಿಗೋ ಇಂಗುಗುಂಡಿಗೋ ಸುರಿಯಬೇಡಿ. ನಮ್ಮ ಮುರಕಲ್ಲಿನ ನೆಲದಲ್ಲಿ ಚೆಲ್ಲಿದ್ದು ಬಾವಿಗೇ ಇಳಿಯುತ್ತದೆ. ಎಂಡೋಸಲ್ಫಾನ್ ಕಂಡ ಜಿಲ್ಲೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕ್ಯಾನಿನಲ್ಲಿ ತುಂಬಿಡಿ, ರಾಸಾಯನಿಕ ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಸ್ಕ್ಯಾನಿಂಗ್‌ನಲ್ಲಿ ಕಷ್ಟ ಇರುವುದು ಕಪ್ಪಿನಲ್ಲಿ. ಸ್ಲೈಡಿನ ಕಪ್ಪು ನೆಗೆಟಿವ್‌ಗಿಂತ ಎಷ್ಟೋ ಗಾಢ, ಅಗ್ಗದ ಫ್ಲಾಟ್‌ಬೆಡ್ ಸ್ಕ್ಯಾನರ್ ಅಲ್ಲಿ ಬರೀ ಗಲೀಜು ಚುಕ್ಕಿ ತೋರಿಸುತ್ತದೆ. ನನ್ನ ಮಟ್ಟಿಗೆ ಸ್ಲೈಡಿನ ಹಿಂದೆ ಬೆಳಕಿಟ್ಟು ಡಿಜಿಟಲ್ ಕ್ಯಾಮೆರಾ ಮತ್ತು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸಿನಿಂದ ಅದರ ಫೋಟೋ ತೆಗೆಯುವುದೇ ಉತ್ತಮ. ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವ ಅಂಕ) 95ಕ್ಕಿಂತ ಹೆಚ್ಚಿರುವ ಲೈಟ್ ಪ್ಯಾನೆಲ್ ಇರಲಿ, ಐಎಸ್‌ಒ 100, ಎಫ್ 8, ರಾ ಫೈಲ್. ಫಿಲ್ಮ್ ಇಡುವ ಜಾಗದಲ್ಲಿ ಸಣ್ಣ ಕನ್ನಡಿ ಇಟ್ಟು, ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಬರುವ ಹಾಗೆ ಕ್ಯಾಮೆರಾ ಸರಿಮಾಡಿದರೆ ಎರಡೂ ಸಮಾನಾಂತರ ಆದವು ಎಂದರ್ಥ. ಕೋಣೆಯ ದೀಪ ಆರಿಸಿ. ಬಿಳಿ ಹಾರದಂತೆ ಒಂದು ಚಿತ್ರ ತೆಗೆದು, ಎರಡು ಸ್ಟಾಪ್ ಹೆಚ್ಚು ಬೆಳಕು ಕೊಟ್ಟು ಇನ್ನೊಂದು ತೆಗೆದು, ಎರಡನ್ನೂ ಜೋಡಿಸಿದರೆ ನೆರಳಿನೊಳಗಿನ ವಿವರ ಬರುತ್ತದೆ. ಬಣ್ಣ ಸರಿ ಇದೆಯಾ ಅಂತ ಸ್ಕ್ರೀನ್ ನೋಡಿ ಊಹಿಸಬೇಡಿ, ಸ್ಲೈಡನ್ನೇ ಪ್ಯಾನೆಲ್ ಮೇಲಿಟ್ಟು ಪಕ್ಕದಲ್ಲಿ ಹೋಲಿಸಿ. ನೆಗೆಟಿವ್‌ನಲ್ಲಿ ಇಲ್ಲದ ಅನುಕೂಲ ಇದು. ಸ್ಕ್ಯಾನರ್ ಬಳಸುವವರು ಒಂದು ನೆನಪಿಡಿ: ಇನ್‌ಫ್ರಾರೆಡ್ ಧೂಳು ತೆಗೆಯುವ ಸೌಲಭ್ಯ ಇ-6 ಸ್ಲೈಡಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಹಳೆ ಪೆಟ್ಟಿಗೆಯಲ್ಲಿ ಸಿಕ್ಕಿದ ಕೊಡಾಕ್ರೋಮ್ ಎಂಬ ಹಳೆ ಬಗೆಯ ಸ್ಲೈಡಿಗೆ ಅದನ್ನು ನೆಚ್ಚಬೇಡಿ.

ಕೆಲಸ ಮುಗಿದ ಸ್ಲೈಡ್‌ಗಳಿಗೆ ಪಿವಿಸಿ ಕವರ್ ಬೇಡ, ಪಾಲಿಪ್ರೊಪಿಲೀನ್ ಇರಲಿ. ಜೂನ್ ಬರುವ ಮೊದಲೇ ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಮುಚ್ಚಿ, ಇಲ್ಲದಿದ್ದರೆ ಬೂಷ್ಟು ಖಂಡಿತ. ನೀಲಿ ಜೆಲ್ ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಬಹುದು, ಆದರೆ ಅಡುಗೆ ಪಾತ್ರೆಯಲ್ಲಿ ಮಾಡಬೇಡಿ.