ಐಎನ್‌ಬಿಡಿಇಗೆ ದಿನ ಗೊತ್ತು ಮಾಡುವುದು ಹೇಗೆ?

ಐಎನ್‌ಬಿಡಿಇ ಅಂದರೆ ಅಮೆರಿಕದಲ್ಲಿ ದಂತವೈದ್ಯರಾಗಲು ಬರೆಯಬೇಕಾದ ಬೋರ್ಡ್ ಪರೀಕ್ಷೆ. ಬಿಡಿಎಸ್ ಮುಗಿಸಿ, ಮದುವೆಯಾಗಿ, ಎಚ್-4 ವೀಸಾದಲ್ಲಿ (ಗಂಡನ ಕೆಲಸದ ವೀಸಾದ ಜೊತೆ ಸಿಗುವುದು) ಅಮೆರಿಕಕ್ಕೆ ಬರುವ ನಮ್ಮ ಕಡೆಯ ಹುಡುಗಿಯರು ಇದರ ಬಗ್ಗೆ ಕೇಳುವುದು ಒಂದೇ, ‘ಅಕ್ಕಾ, ಯಾವ ಬುಕ್ ಓದಲಿ?’ ಯಾವಾಗ ಬರೆಯಲಿ ಅಂತ ಕೇಳುವವರು ಕಡಿಮೆ. ಎಡವುವುದು ಮಾತ್ರ ಅಲ್ಲೇ.

ಮೊದಲು ಡೆಂಟ್‌ಪಿನ್, ಅಂದರೆ ಪರೀಕ್ಷೆಗೂ ಕಾಲೇಜಿನ ಅರ್ಜಿಗೂ ಬೇಕಾದ ನಿಮ್ಮ ಗುರುತಿನ ಸಂಖ್ಯೆ, ಮಾಡಿಸಿಕೊಳ್ಳಿ. ಹತ್ತು ನಿಮಿಷದ ಕೆಲಸ. ಆದರೆ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ಡಿಗ್ರಿಯಲ್ಲಿ ‘ಕಾವ್ಯಾ ಎಚ್.ಆರ್.’, ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿರುತ್ತಾರೆ, ನಮ್ಮ ಇನಿಶಿಯಲ್ ಇಲ್ಲಿಯವರಿಗೆ ಅರ್ಥವಾಗುವುದಿಲ್ಲ.

ಆಮೇಲೆ ಇಸಿಇಯಿಂದ (ಹೊರದೇಶದ ಓದನ್ನು ಪರಿಶೀಲಿಸುವ ಅಮೆರಿಕದ ಸಂಸ್ಥೆ) ಡಿಗ್ರಿಯ ಮೌಲ್ಯಮಾಪನ. ಇದಿಲ್ಲದೆ ಹೊರದೇಶದಲ್ಲಿ ಓದಿದವರ ಅರ್ಜಿ ಮುಂದೆ ಹೋಗದು. ಊರಿನಿಂದ ಟ್ರಾನ್ಸ್‌ಕ್ರಿಪ್ಟ್ ತರಿಸುವುದರಲ್ಲೇ ನನಗೆ ನಾಲ್ಕು ತಿಂಗಳು ಹೋಯಿತು, ಅಪ್ಪ ಕೌಂಟರಿನಿಂದ ಕೌಂಟರಿಗೆ ಅಲೆದರು. ವಿಮಾನ ಹತ್ತುವ ಮುಂಚೆಯೇ ಮಾಡಿಸಿಕೊಳ್ಳಿ.

ಈಗ ದಿನದ ಲೆಕ್ಕ. ಇದನ್ನು ಹಿಂದಿನಿಂದ ಹಾಕಬೇಕು. ಹೊರದೇಶದಲ್ಲಿ ಓದಿದವರು ಇಲ್ಲಿಯ ಡೆಂಟಲ್ ಕಾಲೇಜು ಸೇರಲು ಹಾಕುವ ಆನ್‌ಲೈನ್ ಅರ್ಜಿ, ಕ್ಯಾಪಿಡ್, ಸಾಮಾನ್ಯವಾಗಿ ಮಾರ್ಚ್ ಹೊತ್ತಿಗೆ ತೆರೆಯುತ್ತದೆ. ಆ ಹೊತ್ತಿಗೆ ಐಎನ್‌ಬಿಡಿಇ ಫಲಿತಾಂಶ ಕೈಯಲ್ಲಿರಲಿ, ಅದು ಬರಲು ಮೂರು–ನಾಲ್ಕು ವಾರ ಬೇಕು. ಹಾಗಾದರೆ ಜನವರಿ ಕೊನೆಗೆ ಬರೆದರೆ ಸಾಕಲ್ವಾ? ಸಾಲದು. ಫೇಲಾದರೆ ಮತ್ತೆ ಕೂರಲು ಕನಿಷ್ಠ ಎರಡು ತಿಂಗಳು ಕಾಯಬೇಕು, ಅಷ್ಟರಲ್ಲಿ ಆ ವರ್ಷದ ಸೀಟು ಕೈಬಿಟ್ಟಿತು ಅಂತಲೇ ಲೆಕ್ಕ. ಅದಕ್ಕೇ ಹಿಂದಿನ ಅಕ್ಟೋಬರ್ ಅನ್ನುತ್ತೇನೆ ನಾನು. ಅಕ್ಟೋಬರ್ ಮೊದಲ ವಾರ ಬರೆದು ಎಡವಿದರೂ ಡಿಸೆಂಬರಿನಲ್ಲಿ ಇನ್ನೊಮ್ಮೆ ಕೂತು ಜನವರಿಯಲ್ಲಿ ಫಲಿತಾಂಶ ಹಿಡಿದುಕೊಳ್ಳಬಹುದು. ಓದಲು ಐದು ತಿಂಗಳು ಇಟ್ಟುಕೊಳ್ಳಿ, ಅಂದರೆ ಮೇ ತಿಂಗಳಲ್ಲಿ ಶುರು. ಪರೀಕ್ಷೆಯ ಅರ್ಜಿಯನ್ನು ಮಾತ್ರ ಮೇನಲ್ಲೇ ಹಾಕಬೇಡಿ, ಒಪ್ಪಿಗೆ ಸಿಕ್ಕಿದ ಮೇಲೆ ಆರು ತಿಂಗಳೊಳಗೆ ಬರೆಯಬೇಕು. ಜುಲೈ ಸಾಕು.

‘ಇನ್ನೂ ಸ್ವಲ್ಪ ಓದಿ ಬರೆಯುತ್ತೇನೆ’ ಅಂತ ಮುಂದೂಡುವವರೇ ಜಾಸ್ತಿ. ರ‍್ಯಾಂಕಿಗೆ ಓದಿದ ಅಭ್ಯಾಸ ನಮ್ಮದು. ಇಲ್ಲಿ ರ‍್ಯಾಂಕೇ ಇಲ್ಲ, ಪಾಸಾದವರಿಗೆ ಅಂಕವನ್ನೂ ಹೇಳುವುದಿಲ್ಲ. ಪಾಸಿಗೆ ಬೇಕಾದ 75 ಅನ್ನುವುದು ಶೇಕಡಾ 75 ಅಲ್ಲ, ಅದು ಅವರದೇ ಅಳತೆ. ಹಾಗಂತ ‘ಒಂದ್ಸಲ ನೋಡೋಣ’ ಅಂತ ಸುಮ್ನೆ ಹೋಗಿ ಕೂರಲೂಬೇಡಿ. ಫೇಲಾದದ್ದು ದಾಖಲೆಯಲ್ಲಿ ಉಳಿಯುತ್ತದೆ.

ತಯಾರಿದ್ದೀರಾ ಅಂತ ತಿಳಿಯಲು ಬಿಡಿ ಪ್ರಶ್ನೆ ಬಿಡಿಸಿದರೆ ಆಗದು. ಪರೀಕ್ಷೆ ಎರಡು ದಿನ: ಮೊದಲ ದಿನ 360 ಪ್ರಶ್ನೆ, ಎರಡನೆಯ ದಿನ 140. ಮನೆಯಲ್ಲೂ ಹಾಗೇ ಗಡಿಯಾರ ಇಟ್ಟು ಎರಡು ದಿನ ಕೂತು ನೋಡಿ. ಮಧ್ಯಾಹ್ನ ಮೂರರ ಮೇಲೆ ತಪ್ಪು ಹೆಚ್ಚುತ್ತಿದ್ದರೆ ಓದು ಸಾಲದೆಂದಲ್ಲ, ಕೂರುವ ಅಭ್ಯಾಸ ಸಾಲದು. ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಆಗಲೂ ಕೇಸ್ ಪ್ರಶ್ನೆಗಳಲ್ಲೇ (ರೋಗಿಯ ವಿವರ ಕೊಟ್ಟು ಕೇಳುವವು) ಬೀಳುತ್ತಿದ್ದರೆ ದಿನವನ್ನು ಒಂದೇ ಒಂದು ಸಲ ಮುಂದೆ ಹಾಕಿ, ಅದೂ ಮೂರು ವಾರಕ್ಕಿಂತ ಹೆಚ್ಚಲ್ಲ.

ಟೆಲಿಗ್ರಾಮಿನಲ್ಲಿ ‘ಹೋದ ಸಲ ಬಂದ ಪ್ರಶ್ನೆಗಳು’ ಅಂತ ಮಾರುವ ಪಿಡಿಎಫ್ ಕೊಳ್ಳಬೇಡಿ. ನಿಯಮಕ್ಕೆ ವಿರುದ್ಧ, ಉತ್ತರಗಳೂ ಅರ್ಧ ತಪ್ಪು. ಸೀನಿಯರ್‌ಗಳು ಕೊಡುವ ಪಾರ್ಟ್ 1 (ಐಎನ್‌ಬಿಡಿಇಗೆ ಮುಂಚೆ ಇದ್ದ ಬೋರ್ಡ್ ಪರೀಕ್ಷೆಯ ಮೊದಲ ಭಾಗ) ನೋಟ್ಸನ್ನೂ ನಂಬಿ ಕೂರಬೇಡಿ, ಆ ಪರೀಕ್ಷೆ 2020ಕ್ಕೇ ನಿಂತಿದೆ. ಅನಾಟಮಿ ನೆನಪು ಮಾಡಿಕೊಳ್ಳಲು ಬೇಕಾದರೆ ಇಟ್ಟುಕೊಳ್ಳಿ.