ಕಲಬುರಗಿಗೆ ಬರುವವರು ಬಾಡಿಗೆ ಕೇಳುವ ಮೊದಲು ಮಾಳಿಗೆ ಹತ್ತಿ ನೋಡಿ

ಕಲಬುರಗಿಯಲ್ಲಿ ಮನೆ ನೋಡುವುದಿದ್ದರೆ ಮಧ್ಯಾಹ್ನ ಮೂರರಿಂದ ನಾಲ್ಕರ ನಡುವೆ ನೋಡಬೇಕು. ಬೆಳಿಗ್ಗೆ ಹತ್ತಕ್ಕೆ ಎಲ್ಲರ ಮನೆಯೂ ತಂಪಾಗಿಯೇ ಇರುತ್ತದೆ. ವರ್ಗವಾಗಿ ಬರುವವರಿಗೆ ಮನೆ ಹುಡುಕಿಕೊಡುವುದು, ಕೂಲರ್ ಕೂಡಿಸಿಕೊಡುವುದು ನಮ್ಮಲ್ಲಿ ನನ್ನ ಪಾಲಿಗೆ ಬಂದ ಕೆಲಸ. ಹಾಗಾಗಿ ಇಲ್ಲಿ ಬರೆದದ್ದೆಲ್ಲ ಮಾಡಿ ನೋಡಿದ್ದೇ. ಬೆಂಗಳೂರು, ಮೈಸೂರು ಕಡೆಯಿಂದ ಬರುವವರು ಮೊದಲು ಕೇಳುವುದು ‘ಯಾವ ಏರಿಯಾ ಚೆನ್ನಾಗಿದೆ?’ ಎಂದು. ಏರಿಯಾ ಆಮೇಲಿನ ಮಾತು. ಮಾರ್ಚ್‌ನಿಂದ ಜೂನ್‌ನ ಮೊದಲ ಮಳೆವರೆಗೆ ನಿಮ್ಮ ಬದುಕು ನಿಂತಿರುವುದು ಎರಡರ ಮೇಲೆ: ತಲೆ ಮೇಲಿನ ಮಾಳಿಗೆ (ತಾರಸಿ), ನಳದ ನೀರು. ಮೇ ತಿಂಗಳಲ್ಲಿ 42 ಡಿಗ್ರಿ ಎಂದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಮಾಳಿಗೆಯ ಲೆಕ್ಕ ಸರಳ. ಆರ್‌ಸಿಸಿ ಸ್ಲ್ಯಾಬ್ ಹಗಲಿಡೀ ಬಿಸಿಲು ಕುಡಿದು, ಸಂಜೆ ಆರರಿಂದ ನಡುರಾತ್ರಿವರೆಗೆ ಅದೇ ಕಾವನ್ನು ಕೆಳಗಿನ ಕೋಣೆಗೆ ಬಿಡುತ್ತದೆ. ಫ್ಯಾನ್ ಹಚ್ಚಿದರೆ ಆ ಬಿಸಿಗಾಳಿಯೇ ಮೈಮೇಲೆ ಬೀಳುತ್ತದೆ. ಆದ್ದರಿಂದ ಮೂರು ಅಂತಸ್ತಿನ ಕಟ್ಟಡದಲ್ಲಿ ಮೇಲಿನದು ಬೇಡ, ನಡುವಿನದು ಹಿಡಿಯಿರಿ. ಮೇಲಿನದರ ಬಾಡಿಗೆ ಸಾವಿರ ರೂಪಾಯಿ ಕಡಿಮೆ ಇದ್ದರೆ ಅದು ಯಾಕೆ ಕಡಿಮೆ ಎಂಬುದು ಏಪ್ರಿಲ್‌ನಲ್ಲಿ ತಿಳಿಯುತ್ತದೆ. ಮಲಗುವ ಕೋಣೆಗೆ ಪಡುವಣದ ಗೋಡೆ ಇದ್ದರೆ ಮೂರು ಗಂಟೆಗೆ ಒಳಗಿನಿಂದ ಅದರ ಮೇಲೆ ಅಂಗೈ ಇಟ್ಟು ನೋಡಿ. ಕೈ ಹಿಂದೆಗೆದುಕೊಳ್ಳುವಂತಾದರೆ ಮುಂದಿನ ಮನೆಗೆ ನಡೆಯಿರಿ. ಬ್ರಹ್ಮಪುರ, ಶಹಾಬಜಾರ್ ಕಡೆಯ ಹಳೆಯ ದಪ್ಪ ಗೋಡೆಯ ಮನೆಗಳು ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತವೆ. ಅಲ್ಲಿ ಸಿಗದಿರುವುದು ಕಾರು ನಿಲ್ಲಿಸುವ ಜಾಗ.

ಮೇಲಿನ ಮನೆಯೇ ಗತಿ ಎಂದಾದರೆ ಮಾಲೀಕರನ್ನು ಕೇಳಿ ಮಾಳಿಗೆಗೆ ಸುಣ್ಣ ಹೊಡೆಸಿ. ಬೇಡವೆನ್ನುವವರನ್ನು ನಾನು ಕಂಡಿಲ್ಲ, ಖರ್ಚು ನಿಮ್ಮದಾಗಿದ್ದರೆ. 600 ಚದರ ಅಡಿಗೆ ಎರಡು ಕೋಟ್ ಹೊಡೆಯಲು ನನಗೆ ಹಿಡಿದದ್ದು 25 ಕೆಜಿ ಸುಟ್ಟ ಸುಣ್ಣದ ಕಲ್ಲು, 2 ಕೆಜಿ ಬಿಳಿ ಅಂಟು, ಒಂದು ಕಬ್ಬಿಣದ ಡ್ರಮ್ಮು. ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಪ್ಲಾಸ್ಟಿಕ್ ಬಕೆಟ್ ಆ ಕಾವಿಗೆ ಮೆತ್ತಗಾಗುತ್ತದೆ, ಅದಕ್ಕೇ ಕಬ್ಬಿಣದ್ದು. ಒಂದು ರಾತ್ರಿ ನೆನೆಯಲು ಬಿಟ್ಟು, ಮರುದಿನ ಹಳೇ ಸೀರೆಯಲ್ಲಿ ಸೋಸಿ, ಅಂಟು ಕಲಸಿ, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೊಳ್ಳಿ. ಮಾಳಿಗೆ ಗುಡಿಸಿ, ನೀರು ಚಿಮುಕಿಸಿ, ಸಂಜೆ ಐದರ ಮೇಲೆ ಹೊಡೆಯಿರಿ. ನಡುಮಧ್ಯಾಹ್ನ ಹೊಡೆದ ಸುಣ್ಣ ಹಿಡಿಯುವ ಮೊದಲೇ ಒಣಗಿ, ಎರಡು ದಿನದಲ್ಲಿ ಪುಡಿಯಾಗಿ ಹಾರುತ್ತದೆ. ಕೆಲಸದವರು ಬೇಗ ಮುಗಿಸಲು ಮಾಡುವುದು ಅದನ್ನೇ. ಮಳೆನೀರಿನ ಪೈಪು ಸಂಪಿಗೆ ಇಳಿದಿದ್ದರೆ ಮೊದಲ ಎರಡು ಮಳೆವರೆಗೆ ಅದನ್ನು ಬಿಚ್ಚಿಡಿ.

ಇನ್ನು ನೀರು. ಇಲ್ಲಿನ ಮಾತಿನಲ್ಲಿ ನೀರು ಬಹುವಚನ. ‘ನೀರು ಬಂದಾವ’ ಎನ್ನುತ್ತಾರೆ, ‘ಬಂತು’ ಎನ್ನುವುದಿಲ್ಲ. ಊರಿನ ನೀರು ಬರುವುದು ಭೀಮಾ ನದಿಯಿಂದ, ಬೆಣ್ಣೆತೊರೆ ಜಲಾಶಯದಿಂದ. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದು ಬಡಾವಣೆಯಿಂದ ಬಡಾವಣೆಗೆ, ತಿಂಗಳಿಂದ ತಿಂಗಳಿಗೆ ಬೇರೆ. ಮಾಲೀಕರನ್ನು ಕೇಳಿದರೆ ‘ನೀರಿಂದೇನೂ ತ್ರಾಸಿಲ್ರೀ’ ಎಂಬ ಒಂದೇ ಉತ್ತರ. ಪಕ್ಕದ ಮನೆಯ ಅಂಗಳದಲ್ಲಿ ಬಟ್ಟೆ ಒಗೆಯುತ್ತಿರುವವರನ್ನು ಕೇಳಿ: ‘ಅಕ್ಕಾರ, ಬ್ಯಾಸಗ್ಯಾಗ ನಳ ಎಷ್ಟು ದಿನಕ್ಕ ಬರ್ತಾವ್ರೀ?’ ಬೇಸಿಗೆಯಲ್ಲಿ ಎಂದು ಬಿಡಿಸಿ ಕೇಳಬೇಕು, ಇಲ್ಲದಿದ್ದರೆ ಡಿಸೆಂಬರಿನ ಲೆಕ್ಕ ಹೇಳುತ್ತಾರೆ. ಸಿಕ್ಕ ದಿನಗಳನ್ನು 500ರಿಂದ ಗುಣಿಸಿ. ನಾಲ್ಕು ಜನರ ಮನೆಗೆ ದಿನಕ್ಕೆ 450 ಲೀಟರ್, ಕೂಲರಿಗೆ 50 ಎಂದಿಟ್ಟುಕೊಂಡರೆ ಐದು ದಿನದ ಅಂತರಕ್ಕೆ 2,500 ಲೀಟರ್ ಸಂಗ್ರಹ ಬೇಕು. ಸಂಪು ಅಷ್ಟಿಲ್ಲದಿದ್ದರೆ ಟ್ಯಾಂಕರ್ ಖರ್ಚನ್ನು ಬಾಡಿಗೆಗೆ ಸೇರಿಸಿ ಲೆಕ್ಕ ಹಾಕಿ. ಮೂರು ಮನೆಯವರಿಗೆ ಒಂದೇ ಸಂಪು ಇದ್ದರೆ 2,500ನ್ನು ಮೂರರಿಂದ ಗುಣಿಸುವುದನ್ನು ಮರೆಯಬೇಡಿ.

ಬೋರ್ ನೀರು ಬೇರೆಯೇ ಕಥೆ. ಬಹಳ ಕಡೆ ಸವುಳು. ನೀರಲ್ಲಿ ಕರಗಿದ ಉಪ್ಪು ಎಷ್ಟೆಂದು ತೋರಿಸುವ, ಮುನ್ನೂರು ರೂಪಾಯಿ ಆಸುಪಾಸಿನ ಟಿಡಿಎಸ್ ಮೀಟರ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಮನೆ ನೋಡಲು ಹೋಗಿ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ದಾರಿ ಇಲ್ಲದಿದ್ದರೆ 2,000. ಸಾವಿರದ ಮೇಲೆ ತೋರಿಸಿದರೆ ಬೇಳೆ ಬೇಯುವುದು ತಡ, ಸಾಬೂನು ನೊರೆ ಬಾರದು, ಗೀಸರ್ ಕಾಯಿಲ್‌ಗೆ ಬಿಳಿ ಪದರ ಕಟ್ಟುತ್ತದೆ. ತೊಗರಿಯ ಕಣಜದಲ್ಲಿ ಕೂತು ತೊಗರಿಬೇಳೆ ಬೇಯುತ್ತಿಲ್ಲ ಎಂದು ಅಂಗಡಿಯವನ ಜೊತೆ ಜಗಳ ಬೇಡ. ತಪ್ಪು ಬೇಳೆಯದಲ್ಲ, ನೀರಿನದು. ಬೇಳೆಗೆ ಮಾತ್ರ ಫಿಲ್ಟರ್ ನೀರು ಹಾಕಿ.

ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನೀರು ಮೇ ತಿಂಗಳ ಮಧ್ಯಾಹ್ನ ಕೈ ಸುಡುತ್ತದೆ. ಬೆಳಗಿನ ಐದಕ್ಕೆ ಎದ್ದು ಬಚ್ಚಲುಮನೆಯ ಡ್ರಮ್ಮು ತುಂಬಿಸಿಟ್ಟುಕೊಳ್ಳುವುದು ಇಲ್ಲಿನ ರೂಢಿ. ಟ್ಯಾಂಕಿನ ಮೇಲೆ ಒಂದಡಿ ಎತ್ತರದಲ್ಲಿ ಹಸಿರು ನೆರಳು ಬಲೆ ಕಟ್ಟಿ. ಟ್ಯಾಂಕಿಗೆ ತಾಗಿಸಿ ಸುತ್ತಿದರೆ ಗಾಳಿಯಾಡದೆ ಉಪಯೋಗ ಅರ್ಧಕ್ಕರ್ಧ. ಬಿಸಿಲಿಗೆ ಬಿದ್ದಿರುವ ಪೈಪಿಗೂ ಗೋಣಿಚೀಲ ಸುತ್ತಿ.

ನೆಲ ಬಹುತೇಕ ಶಹಾಬಾದ್ ಕಲ್ಲಿನದು. ಬರಿಗಾಲಿಗೆ ತಂಪು, ಅದರ ಮೇಲೆ ಚಾಪೆ ಹಾಸಿ ಮಲಗುವ ಸುಖವೇ ಬೇರೆ. ಆದರೆ ಅದು ಸುಣ್ಣದ ಕಲ್ಲು. ನಿಂಬೆ, ಹುಣಸೆ, ಪಾಯಿಖಾನೆ ತೊಳೆಯುವ ಆ್ಯಸಿಡ್ ಬಿದ್ದರೆ ನೊರೆಯೆದ್ದು ಬಿಳಿ ಮಚ್ಚೆ ಉಳಿಯುತ್ತದೆ, ಮತ್ತೆ ಪಾಲಿಶ್ ಹೊಡೆಸದೆ ಹೋಗದು. ರಿಂಗ್ ರಸ್ತೆಯಾಚೆಯ ಹೊಸ ಲೇಔಟುಗಳು ಎರೆಮಣ್ಣಿನವು. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿದ್ದ ಗೋಡೆಯೂ ಜೊತೆಗೆ ಆಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಂಡರೆ ಆ ಮನೆ ಬಿಡಿ.

ಈಗ ಕೂಲರ್. ಕರಾವಳಿಯವರು ಕೂಲರನ್ನು ನಂಬುವುದಿಲ್ಲ, ಅವರ ಊರಿನ ಮಟ್ಟಿಗೆ ಅದು ಸರಿ. ಇಲ್ಲಿನ ಏಪ್ರಿಲ್ ಗಾಳಿ ಒಣಗಿದ್ದು. 42 ಡಿಗ್ರಿಯಲ್ಲಿ ತೇವ ಶೇ 20 ಇದ್ದರೆ ಒಳ್ಳೆಯ ಕೂಲರ್ ಹೊರಬಿಡುವ ಗಾಳಿ 30 ಡಿಗ್ರಿಯ ಆಸುಪಾಸು. ಆದರೆ ಬಹಳ ಜನ ಕೂಲರನ್ನು ಕೋಣೆಯ ನಡುವೆ ಇಟ್ಟು, ಕಿಟಕಿ ಬಾಗಿಲು ಮುಚ್ಚಿ ಹಚ್ಚುತ್ತಾರೆ. ಅರ್ಧ ಗಂಟೆಯಲ್ಲಿ ಕೋಣೆಯ ಗಾಳಿ ತೇವದಿಂದ ತುಂಬಿ, ಮೈ ಅಂಟಂಟಾಗಿ, ‘ಕೂಲರ್ ಕೆಲಸ ಮಾಡಲ್ಲ’ ಎಂದು ಬೈಯುತ್ತಾರೆ. ಕೂಲರಿನ ಬೆನ್ನು ಹೊರಗೆ, ಮುಖ ಒಳಗೆ ಇರಬೇಕು. ಕಿಟಕಿಗೆ ಕೂಡಿಸಿ, ಸುತ್ತಲಿನ ಸಂದು ಥರ್ಮಾಕೋಲ್ ಇಲ್ಲವೇ ರಟ್ಟಿನಿಂದ ಮುಚ್ಚಿ. ಎದುರುಗಡೆಯ ಬಾಗಿಲು ಇಲ್ಲವೇ ಕಿಟಕಿಯನ್ನು ಒಂದು ಗೇಣು ತೆರೆದಿಡಿ. ಒಳಬಂದ ಗಾಳಿಗೆ ಹೊರಹೋಗುವ ದಾರಿ ಬೇಕು. ಸಾಧ್ಯವಿದ್ದರೆ ಉತ್ತರದ ಕಿಟಕಿಗೆ ಕೂಡಿಸಿ. ಪಡುವಣಕ್ಕೇ ಕೂಡಿಸಬೇಕಾದರೆ ಕೂಲರಿಗೂ ಮೇಲೊಂದು ನೆರಳು ಕಟ್ಟಿ.

ಅಳತೆಗೆ ಕೋಣೆಯ ಉದ್ದ, ಅಗಲ, ಎತ್ತರ ಅಡಿಗಳಲ್ಲಿ ಗುಣಿಸಿ ಎರಡರಿಂದ ಭಾಗಿಸಿ. 12×10×10 ಕೋಣೆಗೆ ನಿಮಿಷಕ್ಕೆ 600 ಘನ ಅಡಿ, ಅಂದರೆ ಡಬ್ಬಿಯ ಮೇಲೆ ಬರೆದಿರುವ ಲೆಕ್ಕದಲ್ಲಿ ಗಂಟೆಗೆ ಸುಮಾರು 1,000 ಘನ ಮೀಟರ್. ಅದಕ್ಕಿಂತ ಕಡಿಮೆಯದು ಮೇಜಿನ ಮೇಲಿನ ಆಟಿಕೆ. ಪ್ಯಾಡ್ ಎರಡು ಬಗೆ. ‘ಹುಲ್ಲು’ ಎಂದು ಅಂಗಡಿಯಲ್ಲಿ ಕರೆಯುವುದು ಹುಲ್ಲಲ್ಲ, ಮರದ ತೆಳು ಸಿಪ್ಪೆ. ಅಗ್ಗ, ಒಂದೇ ಹಂಗಾಮು ಬಾಳುತ್ತದೆ. ಜೇನುಗೂಡಿನಂಥ ರಟ್ಟಿನ ಪ್ಯಾಡ್ ಎರಡು ಮೂರು ವರ್ಷ ಬಾಳುತ್ತದೆ ಎನ್ನುತ್ತಾರೆ, ಅದು ನದಿ ನೀರಿನ ಲೆಕ್ಕ. ಸವುಳು ನೀರು ಹಾಕಿದರೆ ಉಪ್ಪು ಕಟ್ಟಿ ಎರಡನೇ ವರ್ಷಕ್ಕೇ ತೂತು ಮುಚ್ಚುತ್ತವೆ. ಬೋರ್ ನೀರಿನ ಮನೆಗೆ ನಾನು ಹೇಳುವುದು ಹುಲ್ಲನ್ನೇ. ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಕೂಲರಿಗೆ ಸುರಿಯಬೇಡಿ, ಅದರಲ್ಲಿ ಉಪ್ಪು ಇನ್ನೂ ಗಟ್ಟಿ. ಅದು ನೆಲ ಒರೆಸಲಿಕ್ಕೆ.

ವಾರಕ್ಕೊಮ್ಮೆ ತೊಟ್ಟಿಯ ಅಡಿಯ ಬಿರಡೆ ತೆಗೆದು ಪೂರ್ತಿ ಖಾಲಿ ಮಾಡಿ, ಒರೆಸಿ ಒಣಗಿಸಿ. ಮೇಲಿಂದ ನೀರು ತುಂಬುತ್ತಲೇ ಹೋದರೆ ನೀರು ಆವಿಯಾಗಿ ಉಪ್ಪು ಮಾತ್ರ ಉಳಿದುಕೊಳ್ಳುತ್ತದೆ. ಇನ್ನೊಂದು ಕಾರಣ ಡೆಂಗಿ ಸೊಳ್ಳೆ. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ವಾರದಿಂದ ಹತ್ತು ದಿನ ಸಾಕು.

ತಗಡಿನ ಕೂಲರ್ ಕೊಂಡರೆ ಮೊದಲು ಕರೆಯಬೇಕಾದವನು ವೈರಿಂಗ್ ಮಾಡುವವನು. ನೀರು, ತಗಡು, ಕರೆಂಟು ಮೂರೂ ಒಂದೇ ಕಡೆ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ತೂತಿಗೆ ಅರ್ಥ್ ತಂತಿಯೇ ಇರುವುದಿಲ್ಲ. ಟೆಸ್ಟ್ ಲ್ಯಾಂಪಿನ ಒಂದು ತುದಿ ಫೇಸಿಗೆ, ಇನ್ನೊಂದು ಅರ್ಥಿಗೆ ಹಿಡಿಸಿ ನೋಡಿಸಿ. ಬಲ್ಬು ಪೂರ್ತಿ ಬೆಳಗಬೇಕು, ಮಿಣಿಮಿಣಿ ಉರಿದರೆ ಅರ್ಥ್ ಕೆಟ್ಟಿದೆ. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಲಿ. ನೀರು ತುಂಬುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಬೇಕು.

ಕರೆಂಟಿನ ಲೆಕ್ಕವನ್ನೂ ಇಲ್ಲೇ ಮುಗಿಸುತ್ತೇನೆ. 180 ವ್ಯಾಟ್ ಕೂಲರ್ ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 65 ಯೂನಿಟ್. ಒಂದೂವರೆ ಟನ್ ಎಸಿ ಎಂಟು ಗಂಟೆ ಓಡಿದರೆ ಅದೊಂದೇ 250ರ ಹತ್ತಿರ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ಒಟ್ಟು ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ಬರೀ ಹೆಚ್ಚುವರಿಯನ್ನಲ್ಲ. ನಿಮ್ಮ ಮನೆಗೆ ಬೇರೆಯೇ ಮೀಟರ್, ಆರ್‌ಆರ್ ಸಂಖ್ಯೆ ಇದೆಯೇ ಎಂದು ಕರಾರು ಬರೆಯುವ ಮೊದಲೇ ನೋಡಿ. ಹಿಂದಿನ ಬಾಡಿಗೆದಾರರ ಆಧಾರ್ ಆ ಸಂಖ್ಯೆಗೆ ಜೋಡಣೆಯಾಗಿದ್ದರೆ ಅದನ್ನು ಬಿಡಿಸಿದ ಮೇಲೆ ನಿಮ್ಮದು ಸೇರುತ್ತದೆ. ನಾಲ್ಕು ಮನೆಗೆ ಒಂದೇ ಮೀಟರಿದ್ದರೆ ಬೇಸಿಗೆಯಲ್ಲಿ 200 ದಾಟದೇ ಇರದು, ಆಮೇಲೆ ಯಾರ ಕೂಲರ್ ಎಷ್ಟು ಓಡಿತೆಂಬ ಪಂಚಾಯಿತಿ.

ಕೂಲರಿನ ತಮ್ಮ ಗಡಿಗೆ. ಅದೇ ತತ್ವ, ಕರೆಂಟಿಲ್ಲ. ಹೊಸದನ್ನು ಒಂದಿಡೀ ದಿನ ನೀರಲ್ಲಿ ಮುಳುಗಿಸಿಟ್ಟು, ಮೊದಲ ಎರಡು ಸಲದ ನೀರು ಚೆಲ್ಲಿ. ಒದ್ದೆ ಮರಳಿನ ಮೇಲೆ, ಗಾಳಿ ಆಡುವ ಕಡೆ ಇಡಿ. ಸಾಬೂನು ತಾಗಿಸಬೇಡಿ, ತೆಂಗಿನ ನಾರು ಸಾಕು. ಎರಡನೇ ಬೇಸಿಗೆಗೆ ತಂಪಾಗುತ್ತಿಲ್ಲ ಎಂದರೆ ಮೈಯ ಸಣ್ಣ ರಂಧ್ರಗಳಿಗೆ ಉಪ್ಪು ಕೂತಿದೆ ಎಂದರ್ಥ, ಹೊಸದು ತನ್ನಿ.

ದಿನಚರಿ ಬದಲಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಎರಡಕ್ಕೆ ಹೋದರೆ ಬೀಗ ಕಾಣುತ್ತದೆ. ಬ್ಯಾಂಕಿಗೆ ಇದು ಅನ್ವಯಿಸುವುದಿಲ್ಲ. ಹೊರಗಿನ ಕೆಲಸ ಹನ್ನೊಂದರೊಳಗೆ, ಇಲ್ಲವೇ ಐದರ ಮೇಲೆ. ಗಾಡಿ ಮೇಲೆ ಹೋಗುವವರು ಹೆಲ್ಮೆಟ್ ಒಳಗೆ ಒದ್ದೆ ದಸ್ತಿ (ಕರವಸ್ತ್ರ) ಕಟ್ಟಿಕೊಳ್ಳಿ. ಬೆವರು ಕಾಣುವುದಿಲ್ಲ ಎಂದು ಬೆವರುತ್ತಿಲ್ಲ ಎಂದುಕೊಳ್ಳಬೇಡಿ, ಒಣಗಾಳಿ ಅದನ್ನು ಅಲ್ಲಲ್ಲೇ ಹೀರುತ್ತದೆ. ಹೊಸಬರು ಸುಸ್ತಾಗಿ ಬೀಳುವುದು ಇದರಿಂದಲೇ. ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ, ಉಪ್ಪು ಹಾಕಿದ ಮಜ್ಜಿಗೆ ಇಲ್ಲಿನವರ ಊಟ, ಅದಕ್ಕೆ ಒಗ್ಗಿಕೊಳ್ಳಿ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಸಣ್ಣದು, ತಲೆ ಸವರಿದ್ದು. ಮೈ ಕಾದು ಮಾತು ತೊದಲತೊಡಗಿದರೆ ಕುಡಿಸುವ ಹೊತ್ತಲ್ಲ. ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ.

ಏರಿಯಾ ಬಗ್ಗೆ ಇಷ್ಟು ಸಾಕು: ಗುಲಬರ್ಗಾ ವಿಶ್ವವಿದ್ಯಾಲಯ, ಇಎಸ್‌ಐ ಆಸ್ಪತ್ರೆ, ವಿಮಾನ ನಿಲ್ದಾಣ ಸೇಡಂ ರಸ್ತೆಗೆ, ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ರಸ್ತೆಯ ಕಡಗಂಚಿಯಲ್ಲಿ. ಕೆಲಸ ಯಾವ ರಸ್ತೆಗೋ ಮನೆಯೂ ಆ ರಸ್ತೆಗೆ ಇದ್ದರೆ ಮೇ ತಿಂಗಳಲ್ಲಿ ಊರು ದಾಟುವುದು ತಪ್ಪುತ್ತದೆ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಸಿಗುತ್ತದಾ ಎಂದು ಹಲವರು ಕೇಳುತ್ತಾರೆ. ಇಲ್ಲಿ ಈಗ ಮನೆ ಮಾಡಿದ ಮಾತ್ರಕ್ಕೆ ಅದು ಸಿಗುವುದಿಲ್ಲ.

ಸಾಮಾನಿನ ಲಾರಿ ಬೆಳಗಿನ ಜಾವ ತಲುಪುವಂತೆ ಹೊರಡಿಸಿ. ಮೇಣದಬತ್ತಿ, ಲೈಟರ್, ಸೆಂಟಿನ ಡಬ್ಬಿ ಲಾರಿಗೆ ಹಾಕಬೇಡಿ. ಇನ್ಸುಲಿನ್‌ನಂಥ ಔಷಧ ಐಸ್ ಪ್ಯಾಕಿನ ಡಬ್ಬಿಯಲ್ಲಿ ನಿಮ್ಮ ಕೈಯಲ್ಲೇ ಇರಲಿ, ಐಸಿಗೆ ನೇರ ತಾಗದಂತೆ ಬಟ್ಟೆ ಸುತ್ತಿ. ವರ್ಗಾವಣೆ ನಿಮ್ಮ ಕೈಲಿದ್ದರೆ ಬರುವುದು ನವೆಂಬರ್‌ನಲ್ಲಿ. ಮನೆ ಸಿಗುವುದೂ ಸುಲಭ, ಮಾರ್ಚ್‌ಗೆ ಸುಣ್ಣ ಹೊಡೆಸಲು ಸಮಯವೂ ಇರುತ್ತದೆ.

ಜೂನ್‌ನಲ್ಲಿ ಮಳೆ ಹಿಡಿದು ಗಾಳಿ ಹಸಿಯಾದ ದಿನ ಕೂಲರ್ ಕೈಕೊಡುತ್ತದೆ, ಗಡಿಗೆಯೂ. ಅದು ರಿಪೇರಿಯ ಮಾತಲ್ಲ. ಪಂಪ್ ಆರಿಸಿ ಬರೀ ಫ್ಯಾನ್ ಓಡಿಸಿ. ಮಳೆ ನಿಂತ ಒಂದು ಬಿಸಿಲಿನ ದಿನ ತೊಟ್ಟಿ ಖಾಲಿ ಮಾಡಿ, ಪಂಪಿನ ಜಾಳಿಗೆಯನ್ನು ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಕಲಸಿದ ನೀರಲ್ಲಿ ಅರ್ಧ ಗಂಟೆ ನೆನೆಸಿ ತೊಳೆದು, ಹುಲ್ಲು ಕಿತ್ತೆಸೆದು, ಎರಡು ದಿನ ಒಣಗಿಸಿ ಹಳೇ ಚಾದರ ಮುಚ್ಚಿಡಿ. ಹುಲ್ಲು ಬಿಟ್ಟರೆ ಮಳೆಗಾಲದಲ್ಲಿ ಅದು ಕೊಳೆತು, ಮಾರ್ಚ್‌ನಲ್ಲಿ ಮೊದಲ ಸಲ ಹಚ್ಚಿದಾಗ ಮನೆಯೆಲ್ಲ ಮುಗ್ಗಲು ವಾಸನೆ.